ಕಾಲಾಪಾನಿಯ ತೀರದಲ್ಲಿ ಏಳು ದಿನಗಳ ವಿಶ್ರಾಂತಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರಿಂದ ಬಂದ ನುಡಿ. ಆದರೆ ಈಚೆಗೆ ನಮ್ಮ ಗೃಹಸ್ಥ ಕುಟುಂಬಗಳು ದೇಶ ಸುತ್ತುವ ಪರಿಯನ್ನು ಕಂಡಾಗ ನಮಗೆ ಒಂದು ಸಂದೇಹ ಮೂಡುತ್ತದೆ. ನಾಲ್ಕು ದಿನದಲ್ಲಿ ಹನ್ನೆರಡು ಸ್ಥಳ, ನಸುಕಿನಲ್ಲಿ ಎದ್ದು ಗಾಡಿ ಏರುವುದು, ನಡುರಾತ್ರಿ ವಸತಿಗೃಹ ಸೇರುವುದು, ಮಕ್ಕಳ ಅಳು, ವೃದ್ಧರ ಮೊಣಕಾಲು ನೋವು. ಮರಳಿ ಬಂದ ಮರುದಿನ ಮನೆಯೊಡತಿಯ ಮುಂದೆ ಒಗೆಯುವ ಬಟ್ಟೆಯ ರಾಶಿ. ವಿಶ್ರಾಂತಿಗೆಂದು ಹೋದವರು ದಣಿದು ಬರುತ್ತಾರೆ. ಹಣವನ್ನೂ ಕಳೆದುಕೊಂಡು, ಮನೆಯವರ ಮೇಲಿನ ತಾಳ್ಮೆಯನ್ನೂ ಕಳೆದುಕೊಂಡು ಬರುತ್ತಾರೆ. ಇದಕ್ಕೆ ಪ್ರವಾಸ ಎನ್ನಬಹುದು, ವಿಶ್ರಾಂತಿ ಎನ್ನಲಾಗದು.

ಆದ್ದರಿಂದ ಈ ತಿಂಗಳು ನಾವು ಒಂದೇ ಒಂದು ಪ್ರದೇಶವನ್ನು ಆರಿಸಿಕೊಂಡು, ಅಲ್ಲಿ ಏಳು ದಿನಗಳನ್ನು ಸಾವಕಾಶವಾಗಿ ಕಳೆಯುವ ಬಗೆಯನ್ನು ವಿಚಾರಿಸಲು ಬಯಸುತ್ತೇವೆ. ಆ ಪ್ರದೇಶವೇ ಬಂಗಾಳ ಉಪಸಾಗರದ ಅಂಡಮಾನ್ ದ್ವೀಪಗಳು. ಪರದೇಶಕ್ಕೆ ಹೋಗುವ ಪಾಸ್‌ಪೋರ್ಟ್ ಬೇಡ, ಪರದೇಶದ ನಾಣ್ಯ ಬೇಡ. ಭಾರತದ ನೆಲವೇ ಆದರೂ ಉಷ್ಣವಲಯದ ಕಾಡು, ಹವಳದ ದಿಬ್ಬ, ಸ್ಫಟಿಕದಂಥ ನೀರು ಇವೆಲ್ಲ ಅಲ್ಲಿ ಒಂದೆಡೆ ದೊರೆಯುತ್ತವೆ.

ಒಂದು ಕಾಲಕ್ಕೆ ಈ ದ್ವೀಪಗಳ ಹೆಸರೆತ್ತಿದರೆ ತಾಯಂದಿರ ಎದೆ ನಡುಗುತ್ತಿತ್ತು. ಅದು ಕಾಲಾಪಾನಿ, ಹೋದವರು ಮರಳದ ನೀರು. ಬ್ರಿಟಿಷರು 1896ರಲ್ಲಿ ಕಟ್ಟಲು ತೊಡಗಿ 1906ರಲ್ಲಿ ಮುಗಿಸಿದ ಸೆಲ್ಯುಲರ್ ಜೈಲಿನಲ್ಲಿ ಗಾಲಿಯ ಅರೆಗಳಂತೆ ಏಳು ಸಾಲು ಕಟ್ಟಡಗಳಿದ್ದವು. ಒಂದು ಸಾಲಿನ ಮುಂಭಾಗ ಇನ್ನೊಂದರ ಬೆನ್ನಿಗೆ ಮುಖ ಮಾಡಿರುವಂತೆ ರಚಿಸಿದ್ದರು. ಒಬ್ಬ ಬಂದಿ ಇನ್ನೊಬ್ಬನ ಮುಖ ಕಾಣಬಾರದೆಂಬುದೇ ಅದರ ಉದ್ದೇಶ. ಇಂದು ಉಳಿದಿರುವುವು ಮೂರು ಸಾಲುಗಳು ಮಾತ್ರ. 1979ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಲಾಯಿತು. ಎಲ್ಲಿಗೆ ಜನರನ್ನು ದಂಡನೆಗಾಗಿ ಸಾಗಿಸುತ್ತಿದ್ದರೋ ಅಲ್ಲಿಗೆ ಈಗ ಜನರು ಸಂತೋಷಕ್ಕಾಗಿ ಹೋಗುತ್ತಾರೆ. ಈ ವೈಪರೀತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಆ ಕಡಲ ನೀಲಿ ಬೇರೆಯದೇ ಅರ್ಥದಲ್ಲಿ ಕಾಣುತ್ತದೆ.

ಮೊದಲು ಕಾಲದ ವಿಚಾರ. ಅಲ್ಲಿ ಮೇ ತಿಂಗಳಲ್ಲಿ ಮುಂಗಾರು ಕಾಲಿಟ್ಟರೆ ಸೆಪ್ಟೆಂಬರ್‌ವರೆಗೆ ಮಳೆ. ಆ ಮೇಲೆ ಹಿಂಗಾರಿನ ಸರದಿ. ಗಾಳಿ ಎದ್ದ ದಿನ ದೋಣಿಗಳು ಕಡಲಿಗಿಳಿಯುವುದಿಲ್ಲ. ಆದಕಾರಣ ಜನವರಿಯಿಂದ ಏಪ್ರಿಲ್ ನಡುವಿನ ಅವಧಿ ಉತ್ತಮ. ನಮ್ಮವರು ಮಕ್ಕಳ ಶಾಲೆಯ ಬೇಸಿಗೆ ರಜೆಯನ್ನೇ ಕಾಯುವುದು ವಾಡಿಕೆ. ಹಾಗಿದ್ದರೆ ಪರೀಕ್ಷೆ ಮುಗಿದೊಡನೆ, ಏಪ್ರಿಲ್ ಮೊದಲ ಭಾಗದಲ್ಲಿಯೇ ಹೊರಡುವುದು ಲೇಸು. ಸೆಕೆ ಇರುತ್ತದೆ, ಆದರೆ ಕಡಲು ಶಾಂತವಾಗಿರುತ್ತದೆ.

ದಾರಿ ಎರಡು. ಚೆನ್ನೈಯಿಂದ ಸುಮಾರು 1,370 ಕಿಲೋಮೀಟರ್ ದೂರ. ವಿಮಾನಕ್ಕೆ ಎರಡು ಗಂಟೆಗಿಂತ ತುಸು ಹೆಚ್ಚು ಸಾಕು. ಹಡಗಿಗೆ ಎರಡೂವರೆ ಮೂರು ದಿನ ಬೇಕು. ಹಡಗಿನ ಪಯಣ ತರುಣರಿಗೆ ಸೊಗಸು. ಆದರೆ ಅಲೆಯ ತೂಗಾಟದಿಂದ ಹೊಟ್ಟೆ ತೊಳಸುವ ವೃದ್ಧರಿಗೂ ಎಳೆಯರಿಗೂ ಅದು ತಕ್ಕುದಲ್ಲ. ಮುಖ್ಯ ಪಟ್ಟಣವಾದ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ನಾಮಕರಣವಾಗಿದೆ. ಹ್ಯಾವ್‌ಲಾಕ್ ದ್ವೀಪವು ಸ್ವರಾಜ್ ದ್ವೀಪವೆಂದೂ ನೀಲ್ ದ್ವೀಪವು ಶಹೀದ್ ದ್ವೀಪವೆಂದೂ 2018ರಿಂದ ಕರೆಯಲ್ಪಡುತ್ತಿವೆ. ಹಳೆಯ ಹೆಸರೂ ಜನರ ಬಾಯಲ್ಲಿ ಉಳಿದಿರುವುದರಿಂದ ಎರಡನ್ನೂ ಬರೆದಿಟ್ಟುಕೊಳ್ಳುವುದು ಕ್ಷೇಮ. ಮುಖ್ಯ ದ್ವೀಪಗಳಿಗೆ ಭಾರತೀಯ ಪ್ರಜೆಗಳಿಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಗುರುತಿನ ಚೀಟಿಯ ಮೂಲಪ್ರತಿಯನ್ನು ಮನೆಯ ಪ್ರತಿಯೊಬ್ಬರೂ, ಮಕ್ಕಳ ಸಹಿತ, ಒಯ್ಯಬೇಕು. ನಿಕೋಬಾರ್ ದ್ವೀಪಗಳು ಬುಡಕಟ್ಟು ಜನರ ರಕ್ಷಿತ ಪ್ರದೇಶ. ಅವು ಪ್ರವಾಸಿಗಳಿಗಾಗಿ ಇರುವಂಥವಲ್ಲ.

ಇನ್ನು ಯೋಜನೆ. ಏಳು ದಿನ ಕೈಯಲ್ಲಿದ್ದರೆ ಮೂರು ದ್ವೀಪಗಳು ಸಾಕು; ನಾಲ್ಕನೆಯದನ್ನು ಸೇರಿಸುವ ಆಸೆಯನ್ನು ಅಲ್ಲಿಯೇ ತಡೆಯಬೇಕು.

ಮೊದಲ ದಿನ ವಿಮಾನ ಇಳಿದೊಡನೆ ಊಟ, ನಿದ್ರೆ. ಸಂಜೆ ಸೆಲ್ಯುಲರ್ ಜೈಲಿನ ದರ್ಶನ ಮತ್ತು ಅಲ್ಲಿಯ ಧ್ವನಿ-ಬೆಳಕಿನ ಕಾರ್ಯಕ್ರಮ. ಅದು ಹಿಂದಿಯಲ್ಲಿ ನಡೆಯುವುದೋ ಇಂಗ್ಲಿಷಿನಲ್ಲಿ ನಡೆಯುವುದೋ ಎಂಬುದನ್ನು ಮೊದಲೇ ವಿಚಾರಿಸಿ, ಜೈಲಿನ ಇತಿಹಾಸವನ್ನು ಮಕ್ಕಳಿಗೆ ಕನ್ನಡದಲ್ಲಿ ಹಿಂದಿನ ರಾತ್ರಿಯೇ ಹೇಳಿಟ್ಟರೆ ಫಲ ಹೆಚ್ಚು. ಎರಡನೆಯ ದಿನ ಹಡಗುದೋಣಿಯಲ್ಲಿ ಸ್ವರಾಜ್ ದ್ವೀಪಕ್ಕೆ. ಸರಕಾರದ ದೋಣಿಯೂ ಇದೆ, ಖಾಸಗಿಯವರದೂ ಇದೆ. ಒಂದೂವರೆಯಿಂದ ಎರಡೂವರೆ ಗಂಟೆಯ ದಾರಿ. ಮೂರು ಮತ್ತು ನಾಲ್ಕನೆಯ ದಿನಗಳು ಅಲ್ಲಿಯೇ. ಐದನೆಯ ದಿನ ಪಕ್ಕದ ಶಹೀದ್ ದ್ವೀಪ. ಆರನೆಯ ದಿನ ಮರಳಿ ಶ್ರೀ ವಿಜಯಪುರಂ. ಏಳನೆಯ ದಿನ ಊರಿನ ದಾರಿ.

ವಿಮಾನಕ್ಕೆ ಒಂದು ದಿನ ಮೊದಲೇ ಪಟ್ಟಣಕ್ಕೆ ಏಕೆ ಮರಳಬೇಕೆಂದು ಕೆಲವರು ಕೇಳಬಹುದು. ಕಡಲು ಕೆರಳಿದರೆ ದೋಣಿ ರದ್ದಾಗುತ್ತದೆ. ಅದು ಯಾರ ತಪ್ಪೂ ಅಲ್ಲ. ಆದರೆ ಅದೇ ದಿನ ವಿಮಾನವಿದ್ದರೆ ಟಿಕೆಟ್ಟಿನ ಹಣ ಹೋಗುವುದರ ಜೊತೆಗೆ ಮನೆಯವರೆಲ್ಲರ ನೆಮ್ಮದಿಯೂ ಹೋಗುತ್ತದೆ. ನಡುವೆ ಒಂದು ದಿನದ ಬಿಡುವಿದ್ದರೆ ಎದೆ ಹಗುರ. ದೋಣಿ ಸಕಾಲಕ್ಕೆ ಬಂದಿತೆಂದರೆ ಆ ದಿನ ಮಾನವಶಾಸ್ತ್ರ ಸಂಗ್ರಹಾಲಯವನ್ನೂ, 1883ರಿಂದ ನಡೆದುಬಂದ ಚಾಥಮ್ ಮರ ಕೊಯ್ಯುವ ಗಿರಣಿಯನ್ನೂ ನೋಡಬಹುದು.

ಒಂದು ಮುಖ್ಯ ಸಂಗತಿ ಸೂರ್ಯನದು. ನಮ್ಮ ದೇಶದ ಗಡಿಯಾರವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಅಂಡಮಾನ್ ಇರುವುದು ಸುಮಾರು 93 ಡಿಗ್ರಿಯಲ್ಲಿ. ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಅಲ್ಲಿಯ ಸೂರ್ಯ ಗಡಿಯಾರಕ್ಕಿಂತ ಮುಕ್ಕಾಲು ಗಂಟೆಯಷ್ಟು ಮುಂದಿರುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೇ ಹೊತ್ತು ಮುಳುಗುತ್ತದೆ, ಬೆಳಗು ಬೇಗ ಹರಿಯುತ್ತದೆ. ಇದನ್ನರಿಯದವರು ನಮ್ಮ ಊರಿನ ರೂಢಿಯಂತೆ ಐದಕ್ಕೆ ಚಹಾ ಮುಗಿಸಿ ಕಡಲತೀರಕ್ಕೆ ಹೊರಟರೆ ಕತ್ತಲೆಯನ್ನೇ ಕಾಣಬೇಕಾಗುತ್ತದೆ. ಅಲ್ಲಿರುವಷ್ಟು ದಿನ ಬೇಗ ಮಲಗಿ ಬೇಗ ಏಳಿರಿ. ನಸುಕಿನಲ್ಲಿ ಸ್ನಾನ, ಪೂಜೆಗಳನ್ನು ಪೂರೈಸುವ ನಮ್ಮ ಮನೆಗಳಿಗೆ ಇದು ಕಷ್ಟವೇನಲ್ಲ.

ಸ್ವರಾಜ್ ದ್ವೀಪದ ಪಶ್ಚಿಮಕ್ಕಿರುವ ರಾಧಾನಗರದ ಕಡಲತೀರಕ್ಕೆ 2020ರಲ್ಲಿ ನೀಲಿ ಧ್ವಜದ ಮನ್ನಣೆ ದೊರೆಯಿತು. ಶುಚಿತ್ವ, ನೀರಿನ ಗುಣ, ಸುರಕ್ಷತೆ ಇವುಗಳನ್ನು ಪರೀಕ್ಷಿಸಿ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಇದು. ಬಿಳಿಯ ಮರಳು, ಬೆನ್ನಿಗೆ ಎತ್ತರದ ಮರಗಳ ಕಾಡು, ಎದುರಿಗೆ ಸೂರ್ಯಾಸ್ತ. ಸೂರ್ಯೋದಯ ಬೇಕಾದವರು ಪೂರ್ವದ ಕಾಲಾಪತ್ಥರ್ ತೀರಕ್ಕೆ ಹೋಗಬೇಕು. ಶಹೀದ್ ದ್ವೀಪವು ಇನ್ನೂ ಚಿಕ್ಕದು, ಇನ್ನೂ ಮೌನವಾದದ್ದು. ಅಲ್ಲಿ ಬಯಲು ಗದ್ದೆಗಳುಂಟು, ತರಕಾರಿಯ ತೋಟಗಳುಂಟು; ಸುತ್ತಣ ದ್ವೀಪಗಳಿಗೆ ಕಾಯಿಪಲ್ಯ ಒದಗಿಸುವ ಖ್ಯಾತಿ ಅದಕ್ಕಿದೆ. ಕಡಲು ಕೊರೆದು ನಿರ್ಮಿಸಿದ ಕಲ್ಲಿನ ಕಮಾನೊಂದು ಅಲ್ಲಿದೆ. ಇಳಿತದ ವೇಳೆಯಲ್ಲಿ ಮಾತ್ರ ಅದರ ಬುಡಕ್ಕೆ ನಡೆದು ಹೋಗಬಹುದು. ಭರತ-ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಸರಿಯುತ್ತದೆ. ಆದ್ದರಿಂದ ನಿನ್ನೆ ಹೋದವರ ಮಾತನ್ನು ನಂಬದೆ ಅಂದಿನ ವೇಳೆಯನ್ನು ವಸತಿಗೃಹದವರಲ್ಲಿ ಕೇಳಿಕೊಳ್ಳಬೇಕು.

ಊಟದ ಚಿಂತೆ ನಮ್ಮ ಮನೆಗಳಲ್ಲಿ ಸಹಜವಾದುದು. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ಈ ದ್ವೀಪಗಳಲ್ಲಿ ನೆಲೆಗೊಳಿಸಿದುದರಿಂದ ಅಲ್ಲಿಯ ಅಡುಗೆಯಲ್ಲಿ ಮೀನಿಗೂ ಸಾಸಿವೆ ಎಣ್ಣೆಗೂ ಪ್ರಾಧಾನ್ಯ. ತಮಿಳರೂ ಬಹಳ ಮಂದಿ ಇರುವುದರಿಂದ ಪಟ್ಟಣದಲ್ಲಿ ಇಡ್ಲಿ, ದೋಸೆ, ಅನ್ನ-ಸಾರು ದುರ್ಲಭವಲ್ಲ. ಸಣ್ಣ ದ್ವೀಪಗಳಲ್ಲಿ ಕೊಠಡಿ ಗೊತ್ತುಮಾಡುವಾಗಲೇ ಶುದ್ಧ ಶಾಕಾಹಾರದ ಮಾತನ್ನು ಸ್ಪಷ್ಟಪಡಿಸಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ ಜೊತೆಗಿದ್ದರೆ ಮೊದಲೆರಡು ದಿನ ಯಾರ ಹಂಗೂ ಇಲ್ಲ. ಆದರೆ ಏಳು ದಿನಕ್ಕೂ ಆಗುವಷ್ಟು ತಿಂಡಿಯನ್ನು ಹಿಂದಿನ ವಾರವೆಲ್ಲ ಕುಳಿತು ಕರಿದು ಕಟ್ಟುವ ಭಾರವನ್ನು ಮನೆಯ ಸ್ತ್ರೀಯರ ಮೇಲೆ ಹೊರಿಸಬಾರದು.

ಈ ಮಾತನ್ನು ನಾವು ತುಸು ಒತ್ತಿ ಹೇಳಬೇಕಾಗಿದೆ. ರಜೆಯ ಯೋಜನೆ ಹಾಕುವವನು ಮನೆಯ ಯಜಮಾನ. ಆ ಯೋಜನೆಗಾಗಿ ದುಡಿಯುವವಳು ಗೃಹಿಣಿ. ಊರಿನಲ್ಲಿ ಒಲೆಯ ಮುಂದೆ ನಿಂತವಳು ದ್ವೀಪದಲ್ಲಿಯೂ ಮಕ್ಕಳ ಬಟ್ಟೆ, ಅತ್ತೆಯ ಗುಳಿಗೆ, ಎಲ್ಲರ ಚೀಲ ಇವುಗಳ ಹಿಂದೆಯೇ ಓಡುತ್ತಿದ್ದರೆ ಆಕೆಗೆ ರಜೆ ದೊರೆತಂತಾಯಿತೇ? ವರುಷಕ್ಕೆ ಮುನ್ನೂರರವತ್ತೈದು ದಿನ ದುಡಿಯುವ ಆ ತಾಯಿಗೆ ಒಂದು ದಿನ ಕಡಲನ್ನು ನೋಡುತ್ತ ಸುಮ್ಮನೆ ಕುಳಿತಿರುವ ಸ್ವಾತಂತ್ರ್ಯ ಸಿಕ್ಕದಿದ್ದರೆ ಉಳಿದ ಆರು ದಿನಗಳ ವೆಚ್ಚ ವ್ಯರ್ಥವೆಂದೇ ನಮ್ಮ ಅಭಿಪ್ರಾಯ. ಆದುದರಿಂದ ನಾಲ್ಕನೆಯ ದಿನವನ್ನು ಬರಿದಾಗಿ ಬಿಡಿರಿ. ಅಂದು ಯಾವ ಗಾಡಿಯೂ ಬೇಡ, ಯಾವ ಟಿಕೆಟ್ಟೂ ಬೇಡ. ಮಕ್ಕಳ ಹೊಣೆ ಅಂದು ತಂದೆಯದು. ಆ ದಿನ ಏನು ಮಾಡಬೇಕೆಂಬುದನ್ನು, ಅಥವಾ ಏನೂ ಮಾಡಬಾರದೆಂಬುದನ್ನು, ಮನೆಯ ಸ್ತ್ರೀಯರೇ ನಿಶ್ಚಯಿಸಲಿ.

ವೃದ್ಧರನ್ನು ಮನೆಯಲ್ಲಿ ಬಿಟ್ಟು ಹೋಗುವುದೇ ಸುಲಭವೆಂದು ಬಗೆಯುವವರೂ ಉಂಟು. ನಡೆಯಲಾರದವರಿಗೆ ಅದು ಅನಿವಾರ್ಯವಿರಬಹುದು. ಆದರೆ ಎಪ್ಪತ್ತು ದಾಟಿದ ತಾಯಿತಂದೆಗಳು ಗಟ್ಟಿಯಾಗಿದ್ದರೆ ಅವರ ನಡಿಗೆಗೆ ತಕ್ಕಂತೆ ದಿನವನ್ನು ಹೊಂದಿಸಿಕೊಳ್ಳುವುದೇ ಧರ್ಮ. ನೆಲಮಟ್ಟದ ಕೊಠಡಿ ಕೇಳಿರಿ. ಔಷಧಿಯನ್ನು ಏಳು ದಿನಕ್ಕಲ್ಲ, ಹತ್ತು ದಿನಕ್ಕೆ ಒಯ್ಯಿರಿ. ದೊಡ್ಡ ಆಸ್ಪತ್ರೆ ಇರುವುದು ಶ್ರೀ ವಿಜಯಪುರದಲ್ಲಿ. ಸಣ್ಣ ದ್ವೀಪಗಳಲ್ಲಿ ಚಿಕಿತ್ಸೆಯ ಅನುಕೂಲ ಮಿತವಾದುದು. ನಗದು ಹಣವನ್ನೂ ಅಷ್ಟಿಷ್ಟು ಇಟ್ಟುಕೊಂಡಿರಬೇಕು. ಚೆನ್ನೈಯಿಂದ ಕಡಲಡಿಯಲ್ಲಿ ಹಾಸಿದ ತಂತಿಯ ಸಂಪರ್ಕ 2020ರಲ್ಲಿ ಆರಂಭವಾದಂದಿನಿಂದ ದೂರವಾಣಿಯ ಸ್ಥಿತಿ ಸುಧಾರಿಸಿದೆ. ಆದರೂ ಎಲ್ಲ ಕಡೆಯೂ ಅದನ್ನೇ ನಂಬಿ ಕೂರಲಾಗದು.

ಕಡಲಿನಲ್ಲಿ ವಿನೋದ ಬೇಡವೆನ್ನುವುದಿಲ್ಲ, ವಿವೇಕ ಬೇಕೆನ್ನುತ್ತೇವೆ. ಅಂಡಮಾನಿನ ಕಾಂಡ್ಲಾ ಕಾಡುಗಳಲ್ಲಿಯೂ ಹಿನ್ನೀರಿನಲ್ಲಿಯೂ ಉಪ್ಪುನೀರಿನ ಮೊಸಳೆಗಳಿವೆ. ಎಲ್ಲಿ ಎಚ್ಚರಿಕೆಯ ಫಲಕವಿದೆಯೋ ಅಲ್ಲಿ ನೀರಿಗಿಳಿಯಬಾರದು; ಜೀವರಕ್ಷಕರು ಗೊತ್ತುಮಾಡಿದ ಎಲ್ಲೆಯನ್ನು ಮೀರಬಾರದು. ಹವಳ ನೋಡಲು ನೀರಿನಾಳಕ್ಕೆ ಇಳಿಯುವ ತರುಣರು ಆಸ್ತಮಾ, ಹೃದಯದ ತೊಂದರೆಗಳಿದ್ದರೆ ಮೊದಲು ವೈದ್ಯರ ಮಾತು ಕೇಳಬೇಕು. ಆಳದಲ್ಲಿ ಮುಳುಗಿ ಎದ್ದವರು ಒಂದು ಹಗಲು-ರಾತ್ರಿ ಕಳೆಯುವವರೆಗೆ ವಿಮಾನ ಏರಬಾರದು. ನೀರಿನ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕವು ಎತ್ತರದಲ್ಲಿ ಒತ್ತಡ ಇಳಿದಾಗ ಗುಳ್ಳೆಯಾಗಿ ಅಪಾಯ ತರಬಲ್ಲುದು. ನಾವು ಹೇಳಿದ ಯೋಜನೆಯಲ್ಲಿ ಮೂರನೆಯ ದಿನ ಮುಳುಗಿದರೆ ಈ ತೊಡಕೇ ಇಲ್ಲ.

ಅತಿಥಿಯಾಗಿ ಹೋದವನಿಗೆ ಕೆಲವು ಕಟ್ಟುಗಳೂ ಇವೆ. ದಡದಲ್ಲಿ ಬಿದ್ದ ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವುದು ಮಕ್ಕಳಿಗೂ ದೊಡ್ಡವರಿಗೂ ಸಹಜವಾದ ಆಸೆ. ಆದರೆ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ, ಒಯ್ಯುವುದು ಅಪರಾಧ. ಕಾಯಿದೆಯ ಭಯಕ್ಕಿಂತ ಮಿಗಿಲಾದ ಕಾರಣ ಇನ್ನೊಂದಿದೆ. ಹವಳವು ಕಲ್ಲಲ್ಲ, ಸಣ್ಣ ಜೀವಿಗಳು ತಲೆತಲಾಂತರದಿಂದ ಕಟ್ಟಿದ ಮನೆ. ಅದರ ಮೇಲೆ ಕಾಲಿಟ್ಟರೂ ಅದು ಮುರಿಯುತ್ತದೆ.

ಅದಕ್ಕಿಂತಲೂ ಗಂಭೀರವಾದುದು ಆದಿವಾಸಿಗಳ ವಿಚಾರ. ದಕ್ಷಿಣದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯು ಜಾರವಾ ಜನರ ಕಾಡಿನ ನಡುವೆ ಹಾಯ್ದುಹೋಗುತ್ತದೆ. ವಾಹನಗಳನ್ನು ಗುಂಪಾಗಿ, ಕಾವಲಿನೊಡನೆ ಬಿಡುತ್ತಾರೆ. ಅವರ ಛಾಯಾಚಿತ್ರ ತೆಗೆಯುವುದು, ಬಾಳೆಹಣ್ಣು ಬಿಸ್ಕತ್ತು ಎಸೆಯುವುದು ನಿಷಿದ್ಧ. ಅವರ ರಕ್ಷಣೆಗೆಂದೇ 1956ರಲ್ಲಿ ನಿಯಮಾವಳಿ ಜಾರಿಗೆ ಬಂದಿದೆ. ನಮ್ಮ ಜೋಪಡಿಯ ಮುಂದೆ ಪರರು ಗಾಡಿ ನಿಲ್ಲಿಸಿ ನಮ್ಮ ಮಕ್ಕಳಿಗೆ ತಿನಿಸು ಎಸೆದು ಚಿತ್ರ ತೆಗೆದರೆ ನಮಗೆ ಹೇಗಾದೀತು? ಅವರು ನೋಟದ ವಸ್ತುಗಳಲ್ಲ, ಆ ನೆಲದ ಮೊದಲ ಒಡೆಯರು. ಆ ದಾರಿಯನ್ನು ಯೋಜನೆಯಿಂದ ಬಿಟ್ಟುಬಿಡುವುದೇ ಸೌಜನ್ಯವೆಂದು ನಾವು ಭಾವಿಸುತ್ತೇವೆ. ಬಿಟ್ಟರೆ ನಿಮ್ಮ ವಿಶ್ರಾಂತಿಗೂ ಒಂದು ದಿನ ಉಳಿಯುತ್ತದೆ.

ಕೊನೆಗೆ ವೆಚ್ಚ. ಇದು ಅಗ್ಗದ ಪಯಣವಲ್ಲ. ಸಾಲ ಮಾಡಿ ವಿಶ್ರಾಂತಿ ಕೊಂಡವನು ತಿಂಗಳ ಕಂತು ತೀರುವವರೆಗೂ ವಿಶ್ರಾಂತಿಯನ್ನೇ ಕಾಣನು. ಎರಡು ವರುಷ ಕೂಡಿಟ್ಟು ಹೋಗಿರಿ. ಈ ವರುಷ ಸಾಲದಿದ್ದರೆ ಮುಂದಿನ ವರುಷವೂ ಕಡಲು ಅಲ್ಲಿಯೇ ಇರುತ್ತದೆ. ಎಷ್ಟು ಸ್ಥಳ ನೋಡಿ ಬಂದಿರಿ ಎಂದು ಬಂಧುಗಳು ಕೇಳುವುದು ಖಂಡಿತ. ಮೂರೇ ಎಂದು ಹೇಳಲು ಸಂಕೋಚ ಬೇಡ. ಮನೆಮಂದಿಯೆಲ್ಲ ಒಂದೆಡೆ ಕುಳಿತು, ಯಾರೂ ಯಾರನ್ನೂ ಅವಸರಪಡಿಸದೆ, ಏಳು ದಿನ ಮಾತನಾಡಿದೆವು ಎಂಬುದನ್ನೂ ಸೇರಿಸಿ ಹೇಳಿರಿ. ಹಾಗೆ ಹೇಳಬಲ್ಲ ಮನೆಗಳು ನಮ್ಮ ಸಮಾಜದಲ್ಲಿ ಹೆಚ್ಚಲಿ ಎಂದು ಹಾರೈಸುತ್ತೇವೆ.