ದೆಹಲಿಗೆ ಹೋದರೆ ಮಕ್ಕಳು ಕೆಡುತ್ತಾರೆಯೇ?

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಹೆಸರೆತ್ತಿದರೆ ನಮ್ಮ ಲೈನ್ ಮನೆಗಳಲ್ಲೂ ಒಂದೇ ಮಾತು: ಅಲ್ಲಿ ಓದುವವರಿಲ್ಲ, ಕೂಗುವವರೇ ಎಲ್ಲ, ಎಲ್ಲರೂ ಕೆಂಪು ಬಾವುಟದವರು, ಸರಕಾರದ ಅನ್ನ ತಿಂದು ಕೆಡುತ್ತಾರೆ.

ಕೂಗುವುದು ನಿಜ. ಗೋಡೆ ತುಂಬ ಭಿತ್ತಿಪತ್ರ, ರಾತ್ರಿ ಊಟದ ಮೇಲೆ ಮೆಸ್ಸಿನಲ್ಲಿ ಭಾಷಣ. ವಿದ್ಯಾರ್ಥಿ ಸಂಘದ ಚುನಾವಣೆಯನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ. (ನಮ್ಮ ಕೆಲವು ಯೂನಿಯನ್ನುಗಳೂ ಇದನ್ನು ಕಲಿಯಬಹುದು!) ಆದರೆ ಓದುವುದಿಲ್ಲವೆಂಬುದು ಸುಳ್ಳು. 1983ರಲ್ಲಿ ಉಪಕುಲಪತಿಗೆ ಘೇರಾವೋ ಮಾಡಿ ತಿಹಾರ್ ಜೈಲು ಕಂಡವರಲ್ಲಿ ಅಭಿಜಿತ್ ಬ್ಯಾನರ್ಜಿ ಒಬ್ಬರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರೂ ಅವರೇ. ಬಿ.ಜೆ.ಪಿ. ಸರಕಾರದಲ್ಲಿ ಸಚಿವರಾದ ನಿರ್ಮಲಾ ಸೀತಾರಾಮನ್, ಜೈಶಂಕರ್ ಇಬ್ಬರೂ ಅಲ್ಲಿಯೇ ಓದಿದವರು. ಬಾವುಟ ಒಂದೇ ಆಗಿದ್ದರೆ ಇವರು ಎಲ್ಲಿಂದ ಬಂದರು?

"ಸರಕಾರದ ಅನ್ನ" ಎಂಬ ಮಾತು ಮಾತ್ರ ನನ್ನನ್ನು ಕೆರಳಿಸುತ್ತದೆ. ವಿಶ್ವವಿದ್ಯಾನಿಲಯದ 2017-18ರ ವರದಿಯಂತೆ ಆ ವರ್ಷ ಸೇರಿದವರಲ್ಲಿ 100ಕ್ಕೆ 40 ಮಂದಿಯ ಮನೆಯ ಆದಾಯ ತಿಂಗಳಿಗೆ 12,000 ರೂಪಾಯಿಗಿಂತ ಕಡಿಮೆ. ಅಂದರೆ ನಮ್ಮಂಥವರ ಮಕ್ಕಳು. 2019ರಲ್ಲಿ ಹಾಸ್ಟೆಲಿನ ಒಬ್ಬರ ಕೋಣೆಗೆ ತಿಂಗಳಿಗಿದ್ದ 20 ರೂಪಾಯಿ ಬಾಡಿಗೆಯನ್ನು 600ಕ್ಕೇರಿಸಲು ಹೊರಟಾಗ ಅವರು ಬೀದಿಗಿಳಿದರು. ಪುಂಡಾಟ ಎಂದರು ಜನ. ಬೋನಸ್ ಕೇಳಿದಾಗ ನಮಗೂ ಅದೇ ಹೆಸರಲ್ಲವೇ?

ಪದವಿ ಮುಗಿಸುತ್ತಿರುವ ಮಕ್ಕಳಿರುವವರು ಕೇಳಿ. ಅಲ್ಲಿ ಎಂ.ಎ. ಸೇರಲು ಈಗ ಸಿ.ಯು.ಇ.ಟಿ. ಪರೀಕ್ಷೆ ಬರೆಯಬೇಕು. ಕೆಡುತ್ತಾರೆಂದು ಹೆದರಿ ಅರ್ಜಿಯನ್ನೇ ಹಾಕದೆ ಬಿಡಬೇಡಿ. ತುಂಬಲು ತಿಳಿಯದಿದ್ದರೆ ಭಾನುವಾರ ಪೂಜೆಯ ನಂತರ ಬನ್ನಿ, ಕೂತು ತುಂಬೋಣ.