ಮಕ್ಕಳು ಆನೆಗೊಂದಿಯ ಬಂಡೆ ಬರೆಯಲಿ

ಸ್ಪರ್ಧೆಯಲ್ಲಿ ‘ನಿಸರ್ಗ ದೃಶ್ಯ’ ಎಂದು ವಿಷಯ ಕೊಟ್ಟರೆ ಕುಷ್ಟಗಿ, ಯಲಬುರ್ಗಾ ಕಡೆಯ ಮಕ್ಕಳೂ ಕಡಲನ್ನೇ ಬರೆಯುತ್ತಾರೆ. ಕಪ್ಪು ಬಂಡೆ, ನೀಲಿ ಅಲೆ, ಬಿಳಿ ನೊರೆ. ಎಲ್ಲವೂ ಕ್ಯಾಲೆಂಡರಿನಲ್ಲೋ ಮೊಬೈಲಿನಲ್ಲೋ ಕಂಡದ್ದು. ಬಹುಮಾನವೂ ಎಷ್ಟೋ ಸಲ ಅದಕ್ಕೇ ಹೋಗುತ್ತದೆ. ಗಂಗಾವತಿಯಲ್ಲಿ ಚಿತ್ರಕಲೆ ಕಲಿಸುವ ನನಗೆ ಇದು ಒಪ್ಪಿಗೆಯಿಲ್ಲ. ಆನೆಗೊಂದಿ, ಸಾಣಾಪುರದ ಬಂಡೆಗಳಿರುವ ಜಿಲ್ಲೆಯ ಮಕ್ಕಳು ಮೊದಲು ಅವನ್ನು ಬರೆಯಬೇಕು.

ಎದುರಿಗೆ ಕೂತು ನೋಡಿದಾಗಲೇ ಬಂಡೆ ಕಪ್ಪಲ್ಲ ಎಂಬುದು ತಿಳಿಯುವುದು. ಇಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಬಿರುಕಿಗೆ ಇಳಿದ ನೀರು ಮೂಲೆಗಳನ್ನು ಸವೆಸಿ ಅದನ್ನು ಗುಂಡಾಗಿಸಿದೆ. ಬೆಳಗಿನ ಬಿಸಿಲಿಗೆ ಒಂದು ಮಗ್ಗುಲು ಯೆಲ್ಲೋ ಓಕರ್‌ಗೆ ಬಿಳಿ ಬೆರೆಸಿದ ಹಾಗೆ ಕಾಣುತ್ತದೆ. ನೆರಳಿನ ಮಗ್ಗುಲಿಗೆ ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಕೂಡಿಸಿದ ಬೂದು ಬಣ್ಣ ಸಾಕು, ಕಪ್ಪು ಟ್ಯೂಬ್ ಬೇಕಿಲ್ಲ. ಹೊಳೆಯಿಂದ ತಿರುಗಿ ಬಿದ್ದ ಬೆಳಕು ಬಂಡೆಯ ಬುಡವನ್ನು ಬೆಚ್ಚಗೆ ಮಾಡಿರುತ್ತದೆ. ಇದನ್ನು ಯಾವ ಕ್ಯಾಲೆಂಡರೂ ಕಲಿಸದು.

ಬಂಡೆಗೆ ತೈಲವರ್ಣದಷ್ಟು ಒಗ್ಗುವ ಮಾಧ್ಯಮ ಇನ್ನೊಂದಿಲ್ಲ. ನಮ್ಮ ಯರೆ ಹೊಲದಲ್ಲಿ ಬೆಳೆಯುವ ಅಗಸಿಯ ಎಣ್ಣೆಯೇ ಅದರ ಜೀವ. ಆ ಎಣ್ಣೆ ಆವಿಯಾಗಿ ಆರುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಇಂದು ಹಚ್ಚಿದ ಅಂಚನ್ನು ನಾಳೆಯೂ ತಿದ್ದಬಹುದು. ಮೊದಲ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನ ಪದರಕ್ಕೆ ಎಣ್ಣೆ ಹೆಚ್ಚು ಇರಬೇಕು, ತಿರುಗುಮುರುಗಾದರೆ ಚಿತ್ರ ಬಿರುಕು ಬಿಡುತ್ತದೆ. ಬಂಡೆಯ ಒರಟು ಮೈಗೆ ನೈಫ್‌ನಿಂದ ಬಣ್ಣ ಮೆತ್ತಬೇಕು, ನೀರಿಗೆ ಬ್ರಷ್ ಎಳೆಯಬೇಕು.

ಅಲೆಯಿಲ್ಲದ ಹೊಳೆಯಲ್ಲಿ ಏನು ಬರೆಯುವುದು ಎಂದು ಕೇಳುವವರು ಮಳೆಗಾಲದಲ್ಲಿ ತುಂಗಭದ್ರೆಯನ್ನು ನೋಡಲಿ. ಅಣೆಕಟ್ಟಿನ ಗೇಟುಗಳಿಂದ ಹೆಚ್ಚು ನೀರು ಬಿಟ್ಟರೆ ಆನೆಗೊಂದಿಯ ನವವೃಂದಾವನ ಗಡ್ಡೆ ಮುಳುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದ ಮೇಲೆ ಹೊಳೆ ಎಂಥ ರಭಸದಲ್ಲಿ ಹರಿಯಿತೆಂಬುದನ್ನು ಜಿಲ್ಲೆಯೇ ಕಂಡಿದೆ. ಆ ನೊರೆ ಅಚ್ಚ ಬಿಳಿಯಲ್ಲ, ಕೆಮ್ಮಣ್ಣು ಬೆರೆತದ್ದು. ದಡದಿಂದ ದೂರ, ಎತ್ತರದಲ್ಲಿ ಕೂತು ಬರೆಯಬೇಕು ಅಷ್ಟೇ.

ಫ್ರಾನ್ಸಿನ ಕ್ಲೋದ್ ಮೊನೆ 1886ರಲ್ಲಿ ಬೆಲ್‌ಈಲ್ ದ್ವೀಪಕ್ಕೆ ಹೋಗಿ ಎರಡು ತಿಂಗಳಿಗೂ ಹೆಚ್ಚು ಕಾಲ ಉಳಿದ. ಗಾಳಿ, ಮಳೆ, ಬಿಸಿಲಿನಲ್ಲಿ ಅವವೇ ಕಡಲಬಂಡೆಗಳನ್ನು ಮತ್ತೆ ಮತ್ತೆ ಬರೆದ. ಆತನಿಂದ ನಾವು ಕಲಿಯಬೇಕಾದದ್ದು ಕಡಲನ್ನಲ್ಲ, ಒಂದೇ ಬಂಡೆಯ ಎದುರು ಪಟ್ಟು ಹಿಡಿದು ಕೂರುವ ಗುಣವನ್ನು.

ತೈಲವರ್ಣ ದುಬಾರಿ, ನಿಜ. ಶಾಲೆಯ ಮಕ್ಕಳು ಪೋಸ್ಟರ್ ಕಲರ್‌ನಲ್ಲೇ ಶುರು ಮಾಡಲಿ, ಕೈ ಕುದುರಿದವರು ಎಣ್ಣೆಗೆ ಬರಲಿ. ಬಣ್ಣವಂತೂ ಈ ನೆಲಕ್ಕೆ ಹೊಸದಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ಆದಿಮಾನವರು ಕೆಮ್ಮಣ್ಣಿನಿಂದ ಬಂಡೆಯ ಮೇಲೇ ಚಿತ್ರ ಬರೆದರು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹುಣಸೆ ಬೀಜದ ಅಂಟು ಬಳಸಿ ಮಾಡಿದ ಕಟ್ಟಿಗೆಯ ಗೊಂಬೆಗಳಿಗೆ ಇಂದಿಗೂ ಬಣ್ಣ ತುಂಬುತ್ತಿದ್ದಾರೆ. ಇಂಥ ಜಿಲ್ಲೆಯ ಮಗು ನಕಲು ಚಿತ್ರದಿಂದ ಕಲೆ ಆರಂಭಿಸಬೇಕಾಗಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಚಿತ್ರಕಲಾ ಶಿಕ್ಷಕರಲ್ಲಿ ನನ್ನ ವಿನಂತಿ: ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಆನೆಗೊಂದಿಗೆ ಕರೆತನ್ನಿ, ಕಣ್ಣೆದುರಿನ ಬಂಡೆಯನ್ನು ಬರೆಸಿ. ತೀರ್ಪುಗಾರರೇ, ನೋಡಿ ಬರೆದ ಚಿತ್ರ ಸೊಟ್ಟಗಿದ್ದರೂ ಬಹುಮಾನ ಅದಕ್ಕೇ ಕೊಡಿ.