ದಿನಕ್ಕೊಂದು ಗಂಟೆ ನಮ್ಮೂರ ಹಾಡಿಗೆ ಕೊಡಿ

ಬೆಂಗಳೂರಿನ ರೇಡಿಯೋ ಕೇಳುಗರೇ, ಹಾಡುಗಾರರೇ, ಆಟೋ ಓಡಿಸುವ ಅಣ್ಣಂದಿರೇ, ಟೈಲರ್ ಅಂಗಡಿ, ಕಟಿಂಗ್ ಶಾಪು, ದರ್ಶಿನಿಯ ಅಡುಗೆಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ರೇಡಿಯೋ ಹಾಕಿಕೊಂಡೇ ದುಡಿಯುವವರೇ,

ಬೆಳಿಗ್ಗೆ ಎಂಟಕ್ಕೆ ಕೇಳಿದ ಹಾಡು ಹನ್ನೊಂದಕ್ಕೆ ಮತ್ತೆ ಬರುತ್ತದೆ. ಊಟದ ಹೊತ್ತಿಗೆ ಪಕ್ಕದ ಸ್ಟೇಷನ್ನಿಗೆ ತಿರುಗಿಸಿದರೆ ಅಲ್ಲೂ ಅದೇ. ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಾಗ ಅದೇ ಹಾಡಿನ ಎರಡನೇ ಚರಣ. ಸಿನಿಮಾ ಬಿಡುಗಡೆಯಾಗುವ ಮೊದಲೇ ಶುರುವಾಗುವ ಹಾಡು, ಸಿನಿಮಾ ಥಿಯೇಟರಿನಿಂದ ಎದ್ದುಹೋದ ಮೇಲೂ ನಿಲ್ಲುವುದಿಲ್ಲ. ಆ ಹಾಡುಗಳ ಮೇಲೆ ನಮಗೆ ಸಿಟ್ಟಿಲ್ಲ. ಅವುಗಳಲ್ಲಿ ಒಳ್ಳೆಯವು ಎಷ್ಟೋ ಇವೆ. ಒಳ್ಳೆಯ ಹಾಡನ್ನೂ ದಿನಕ್ಕೆ ಅಷ್ಟು ಸಲ ಕಿವಿಗೆ ತುರುಕಿದರೆ ಅದರ ಮೇಲಿನ ಪ್ರೀತಿಯೇ ಸತ್ತುಹೋಗುತ್ತದೆ, ಅದಕ್ಕೆ ಸಿಟ್ಟು.

ಈ ಕರಪತ್ರದ ಮುಖ್ಯ ಬೇಡಿಕೆ ಒಂದೇ. ಬೆಂಗಳೂರಿನ ಪ್ರತಿಯೊಂದು ಎಫ್‌ಎಂ ಸ್ಟೇಷನ್ನೂ ದಿನಕ್ಕೊಂದು ಗಂಟೆಯನ್ನು ಈ ಊರಿನವರು ಕಟ್ಟಿದ, ಸಿನಿಮಾದ್ದಲ್ಲದ ಹಾಡಿಗೆ ಬಿಟ್ಟುಕೊಡಬೇಕು. ನಡುರಾತ್ರಿಯಲ್ಲಲ್ಲ, ಜನ ಎದ್ದಿರುವ ಹೊತ್ತಿನಲ್ಲಿ.

ಹೀಗೆ ಕೇಳಲು ನೀವ್ಯಾರು ಎಂದು ಯಾರಾದರೂ ಕೇಳಿದರೆ ಉತ್ತರ ಇಲ್ಲಿದೆ. 1995ರ ಫೆಬ್ರವರಿ 9ರಂದು, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಊರಿನ ಗೋಮಾಳದ ಹಾಗೆ ಅದು ಎಲ್ಲರದು. ಕಂಪನಿಗಳು ಹರಾಜಿನಲ್ಲಿ ಕೂಗಿ ಅದನ್ನು ಒಂದಿಷ್ಟು ವರ್ಷಕ್ಕೆ ಪಡೆದುಕೊಂಡಿವೆ, ಅಷ್ಟೆ. ಅದರಲ್ಲಿ ಏನು ಬೆಳೆಯುತ್ತಿದ್ದೀರಿ ಎಂದು ಕೇಳುವ ಅಧಿಕಾರ ಊರಿನವರಿಗೆ ಇದ್ದೇ ಇದೆ.

ಬೆಂಗಳೂರಿಗಂತೂ ಈ ಅಧಿಕಾರ ಇನ್ನೂ ಹೆಚ್ಚು. ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ ಶುರುವಾದದ್ದು ಇಲ್ಲಿ, 2001ರ ಜುಲೈ 3ರಂದು. ಅದಕ್ಕೂ ಬಹಳ ಹಿಂದೆ, 1935ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಯದು. ಆ ನಿಲಯವೇ 1955ರಲ್ಲಿ ಬೆಂಗಳೂರಿಗೆ ಬಂತು. ಲಾಭದ ಯೋಚನೆಯೇ ಇಲ್ಲದೆ ಒಬ್ಬ ಮೇಷ್ಟರು ಊರಿನ ದನಿಯನ್ನು ಊರಿಗೆ ಕೇಳಿಸಿದ ನಾಡು ಇದು. ಇಂದು 91ರಿಂದ 104ರವರೆಗೆ ಮುಳ್ಳು ತಿರುಗಿಸುತ್ತ ಹೋದರೆ ಈ ಊರಿನ ಎಷ್ಟು ಹಾಡುಗಾರರು ಸಿಗುತ್ತಾರೆ, ನೀವೇ ಒಂದು ದಿನ ಎಣಿಸಿ ನೋಡಿ.

ಹಾಡು ಯಾಕೆ ಮರುಕಳಿಸುತ್ತದೆ? ಆರ್‌ಜೆಗಳನ್ನು ಬೈದು ಫಲವಿಲ್ಲ. ಮುಂದಿನ ಹಾಡು ಯಾವುದೆಂದು ಅವರು ಆರಿಸುವುದು ಬಹಳ ಅಪರೂಪ. ಸ್ಟೇಷನ್ನಿನ ಹಾಡುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಗುಂಪು ಮಾಡಿಟ್ಟಿರುತ್ತಾರೆ. ಹೊಸ ಹಿಟ್‌ಗಳದು ಒಂದು ಸಣ್ಣ ಗುಂಪು, ಅದು ಕೆಲವೇ ಗಂಟೆಗಳಲ್ಲಿ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬರುತ್ತದೆ. ಯಾವ ಹಾಡು ಆ ಗುಂಪಿಗೆ ಸೇರಬೇಕೆಂದು ತಿಳಿಯಲು ಹಾಡಿನ ತುಣುಕನ್ನು ಒಂದಿಷ್ಟು ಜನರಿಗೆ ಕೇಳಿಸಿ ಅಂಕ ಹಾಕಿಸುತ್ತಾರೆ. ಕೆಲವು ಸೆಕೆಂಡಿನ ತುಣುಕಿಗೆ ಅಂಕ ಸಿಗುವುದು ಮೊದಲೇ ಕೇಳಿದ ಹಾಡಿಗೆ. ಹೊಸ ಹುಡುಗಿಯೊಬ್ಬಳು ಬರೆದು, ರಾಗ ಹಾಕಿ, ಹಾಡಿದ್ದನ್ನು ಯಾರೂ ಮೊದಲು ಕೇಳಿರುವುದಿಲ್ಲ. ಹಾಗಾಗಿ ಅಂಕ ಬರುವುದಿಲ್ಲ. ಅಂಕ ಬರಲಿಲ್ಲವೆಂದು ಹಾಕುವುದಿಲ್ಲ. ಹಾಕದ್ದನ್ನು ಯಾರೂ ಕೇಳುವುದಿಲ್ಲ. ಬಾಗಿಲು ಹೀಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತದೆ.

ಮಾಲೀಕರು ಖರ್ಚಿನ ಕಥೆ ಹೇಳುತ್ತಾರೆ. ಆ ಕಥೆಯನ್ನೂ ನೋಡೋಣ. ಖಾಸಗಿ ಎಫ್‌ಎಂನ ಮೊದಲ ಹಂತದಲ್ಲಿ ಲೈಸೆನ್ಸ್ ಶುಲ್ಕ ವರ್ಷವರ್ಷ ಏರುತ್ತಿತ್ತು, ಕಂಪನಿಗಳು ನಿಜಕ್ಕೂ ಏದುಸಿರು ಬಿಟ್ಟವು. ಅವರು ಅಹವಾಲು ಕೊಟ್ಟರು, 2005ರ ನೀತಿಯಲ್ಲಿ ಸರ್ಕಾರ ಆದಾಯದ ನೂರಕ್ಕೆ 4 ಪಾಲು ಎಂಬ ಲೆಕ್ಕಕ್ಕೆ ಇಳಿಯಿತು. ಆಮೇಲೆ ಹಾಡಿನ ರಾಯಲ್ಟಿ ಭಾರವೆಂದರು. 2010ರಲ್ಲಿ ಕಾಪಿರೈಟ್ ಮಂಡಳಿ ಅದನ್ನು ನಿವ್ವಳ ಜಾಹೀರಾತು ಆದಾಯದ ನೂರಕ್ಕೆ 2ಕ್ಕೆ ಇಳಿಸಿತು, ಆ ದರ ಹತ್ತು ವರ್ಷ ನಡೆಯಿತು. ಕಂಪನಿಗಳು ಕೇಳಿದಾಗ ಎರಡೆರಡು ಸಲ ಹೊರೆ ಇಳಿಯಿತು. ಆದರೆ ಪ್ಲೇಲಿಸ್ಟಿಗೆ ನಮ್ಮೂರಿನ ಹಾಡು ಬರಲಿಲ್ಲ. ಹಾಗಾದರೆ ಅಡ್ಡಿ ಆಗಿದ್ದದ್ದು ದುಡ್ಡೊಂದೇ ಅಲ್ಲ. ಕೇಳಿದವರು ಅವರು ಮಾತ್ರ, ನಾವು ಕೇಳಲಿಲ್ಲ.

ಈ ಊರಿನಲ್ಲಿ ಹಾಡಿಗೆ ಬರವೇ? ಕೆ.ಆರ್. ರಸ್ತೆಯ ಗಾಯನ ಸಮಾಜ 1905ರಿಂದ ಇದೆ. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆಯುತ್ತಿದೆ, ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕೂತು ಕೇಳಿದ ಅಜ್ಜಂದಿರ ಮೊಮ್ಮಕ್ಕಳು ಈಗ ಅಲ್ಲೇ ಬಂದು ಕೂರುತ್ತಾರೆ. ಕರಗದ ರಾತ್ರಿ ತಿಗಳರಪೇಟೆಯಲ್ಲಿ ನಿಂತರೆ ವಾದ್ಯದ ಸದ್ದು ಎದೆಗೆ ಬಂದು ಬಡಿಯುತ್ತದೆ. ಇನ್ನು ಭಾವಗೀತೆ. ಕವಿತೆಯನ್ನು ಪುಸ್ತಕದಿಂದ ಎತ್ತಿ ಮನೆಮನೆಯ ನಾಲಿಗೆಗೆ ಕೊಟ್ಟ ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಇವರ ಹಾಡು ಬೆಳೆದದ್ದರಲ್ಲಿ ಆಕಾಶವಾಣಿಯ ಪಾಲು ದೊಡ್ಡದು. ಎಚ್.ಕೆ. ನಾರಾಯಣರಂಥವರು ಅಲ್ಲಿಯ ಸುಗಮ ಸಂಗೀತ ವಿಭಾಗದಲ್ಲೇ ಕೂತು ಹೊಸ ಕವಿತೆಗಳಿಗೆ ರಾಗ ಹಾಕುತ್ತಿದ್ದರು. 1978ರಲ್ಲಿ ‘ನಿತ್ಯೋತ್ಸವ’ ಭಾವಗೀತೆ ಕ್ಯಾಸೆಟ್ ಬಂದಾಗ ಕೇಳುಗರ ಕಿವಿ ಅದಕ್ಕೆ ಮೊದಲೇ ಹದವಾಗಿತ್ತು. 2005ರಲ್ಲಿ ಅಶ್ವತ್ಥ್ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ನಡೆಸಿದಾಗ ಜನಸಾಗರವೇ ಸೇರಿತು. ಸಿನಿಮಾದ್ದಲ್ಲದ ಹಾಡನ್ನು ಕೇಳುವವರಿಲ್ಲ ಎನ್ನುವವರು ಆ ಸಂಜೆಯನ್ನು ನೆನಪು ಮಾಡಿಕೊಳ್ಳಲಿ.

ಅಷ್ಟರಲ್ಲೇ ಮುಗಿಯಲಿಲ್ಲ. 1996ರಲ್ಲಿ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, 1998ರಲ್ಲಿ ಕ್ರಿಪ್ಟಾಸ್ ಎಂಬ ಬ್ಯಾಂಡುಗಳನ್ನು ಕಟ್ಟಿದ ಇದೇ ಊರಿನ ಹುಡುಗರು ಮುಂದೆ ಹೊರದೇಶಗಳಿಗೂ ಹೋಗಿ ನುಡಿಸಿ ಬಂದರು. ಶಿಶುನಾಳ ಷರೀಫರ ತತ್ವಪದವನ್ನು ಗಿಟಾರಿನ ಮೇಲೆ ಕೂರಿಸಿದ ರಘು ದೀಕ್ಷಿತ್ 2008ರಲ್ಲಿ ತಮ್ಮ ಮೊದಲ ಆಲ್ಬಂ ತಂದರು. ‘ಸ್ವರಾತ್ಮ’ ಬ್ಯಾಂಡಿನವರು ಕನ್ನಡದಲ್ಲೂ ಹಿಂದಿಯಲ್ಲೂ ಹಾಡಿಕೊಂಡು ಊರೂರು ಸುತ್ತಿದರು. ಈಗ ಬಾಡಿಗೆ ಕೋಣೆಗಳಲ್ಲಿ ಕೂತು, ಒಂದು ಮೈಕು ಒಂದು ಲ್ಯಾಪ್‌ಟಾಪಿನಲ್ಲಿ ಕನ್ನಡ ರ‍್ಯಾಪ್ ಮಾಡುವ ಹುಡುಗರು ಪೀಣ್ಯದ ಕೆಲಸದ ಬಗ್ಗೆ, ಮೆಟ್ರೋ ಕಂಬದ ಕೆಳಗಿನ ಬದುಕಿನ ಬಗ್ಗೆ ಹಾಡು ಕಟ್ಟುತ್ತಿದ್ದಾರೆ. ಈ ಊರಿನಲ್ಲಿ ತಮಿಳು, ತೆಲುಗು, ದಖನಿ ಉರ್ದು, ಕೊಂಕಣಿಯಲ್ಲಿ ಹಾಡುವವರೂ ನಮ್ಮವರೇ. ನಾವು ಕೇಳುವ ಗಂಟೆಯಲ್ಲಿ ಕನ್ನಡದ ಪಾಲು ದೊಡ್ಡದಿರಲಿ, ಉಳಿದವರಿಗೂ ಜಾಗವಿರಲಿ.

ನೆಲದ ಮೇಲೂ ಇವರಿಗೆ ಜಾಗ ಕಡಿಮೆಯಾಗುತ್ತಿದೆ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪೊಲೀಸ್ ಲೈಸೆನ್ಸ್ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷವೇ ಪೊಲೀಸರು ಲೈಸೆನ್ಸ್ ಎಲ್ಲಿ ಎಂದು ಕೇಳತೊಡಗಿದರು, ಇಂದಿರಾನಗರ ಕಡೆಯ ಎಷ್ಟೋ ಪಬ್ಬುಗಳಲ್ಲಿ ಬ್ಯಾಂಡಿನ ಸದ್ದು ನಿಂತುಹೋಯಿತು. ರಾತ್ರಿಯೆಲ್ಲ ನಿದ್ದೆಗೆಟ್ಟ ಅಕ್ಕಪಕ್ಕದ ಮನೆಯವರ ದೂರಿನಲ್ಲಿ ನ್ಯಾಯವಿತ್ತು, ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಬೀದಿಯಲ್ಲಿ ಸದ್ದಾಗಬಾರದು, ಪಬ್ಬಿನಲ್ಲಿ ಲೈಸೆನ್ಸ್ ಸಿಗದು, ರೇಡಿಯೋದಲ್ಲಿ ಅಂಕ ಬಾರದು ಎಂದರೆ ಹಾಡುವವನು ಹೋಗಬೇಕಾದದ್ದು ಎಲ್ಲಿಗೆ? ರೇಡಿಯೋದಲ್ಲಿ ಹಾಡಿದರೆ ಪಕ್ಕದ ಮನೆಯ ಮಗು ಏಳುವುದಿಲ್ಲ.

ಯೂಟ್ಯೂಬಿನಲ್ಲಿ ಎಲ್ಲ ಸಿಗುತ್ತದಲ್ಲ, ರೇಡಿಯೋ ಯಾಕೆ ಬೇಕು ಎಂಬ ಪ್ರಶ್ನೆ ಬರುತ್ತದೆ. ಹುಡುಕುವವರಿಗೆ ಸಿಗುತ್ತದೆ, ನಿಜ. ಹುಡುಕಬೇಕಾದರೆ ಹೆಸರು ಗೊತ್ತಿರಬೇಕು, ಕೈ ಬಿಡುವಿರಬೇಕು. ದೋಸೆ ಹುಯ್ಯುವವರ ಕೈ, ಹೊಲಿಗೆ ಯಂತ್ರದ ಮೇಲಿನ ಕೈ, ಸ್ಟೇರಿಂಗ್ ಹಿಡಿದ ಕೈ ಬಿಡುವಾಗಿರುವುದಿಲ್ಲ. ಅವರಿಗೆ ರೇಡಿಯೋ ಏನು ಕೊಟ್ಟರೆ ಅದೇ ಹಾಡು. ಕೇಳದೆಯೇ ಬಂದು ಮನಸ್ಸಿಗೆ ಹಿಡಿಯುವ ಹೊಸ ಹಾಡಿನ ಸುಖವನ್ನು ಈ ದುಡಿಯುವ ಜನರಿಂದ ಕಿತ್ತುಕೊಳ್ಳಲಾಗಿದೆ. ನಮಗೆ ಹೆಚ್ಚು ನೋವಾಗಿರುವುದು ಇದರಿಂದಲೇ.

ಹಾಡಿನ ಜೊತೆಗೆ ಹೆಸರೂ ಹೋಯಿತು. ವಿವಿಧ ಭಾರತಿಯ ಉದ್ಘೋಷಕರು ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳದೆ ಹಾಡು ಬಿಡುತ್ತಿರಲಿಲ್ಲ. ಚಿ. ಉದಯಶಂಕರ್, ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್ ಎಂಬ ಹೆಸರುಗಳು ಅಕ್ಷರ ಕಲಿಯದ ಅಜ್ಜಿಯರಿಗೂ ಬಾಯಿಪಾಠವಾಗಿದ್ದದ್ದು ಹಾಗೆ. ಈಗ ಹಾಡು ಮುಗಿಯುವ ಮೊದಲೇ ಜಾಹೀರಾತು ನುಗ್ಗುತ್ತದೆ. ಬರೆದವರ, ರಾಗ ಹಾಕಿದವರ ಹೆಸರು ಹೇಳಲು ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡನ್ನೂ ನಾವು ಕೇಳುತ್ತಿದ್ದೇವೆ.

ಕೇಳಿದರೆ ಕೊಡುತ್ತಾರೆಯೇ? ಕೊಟ್ಟಿದ್ದಾರೆ. 1952ರಲ್ಲಿ ಕೇಂದ್ರದ ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕತ್ತರಿ ಹಾಕಿದಾಗ ಇಡೀ ದೇಶ ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿತು. ಸರ್ಕಾರ ಮಣಿಯಬೇಕಾಯಿತು, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಅಂದು ಸಿನಿಮಾ ಹಾಡಿಗಾಗಿ ಕೇಳುಗರು ಮಾಡಿದ್ದನ್ನು ಇಂದು ಸಿನಿಮಾದ ಆಚೆಗಿನ ಹಾಡಿಗಾಗಿ ಮಾಡಬೇಕಾಗಿದೆ. ಇದೇ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಬಂದ ಹೊಸದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ಕಾರುಬಾರು. ಕನ್ನಡ ಹಾಕಿದರೆ ಜಾಹೀರಾತು ಬರುವುದಿಲ್ಲವೆಂಬ ಮಾತಿತ್ತು. ಕನ್ನಡದ ಕೇಳುಗರು ಪಟ್ಟು ಹಿಡಿದು ಕೇಳಿದರು, ಕನ್ನಡ ಹಾಕಿದ ಸ್ಟೇಷನ್ನುಗಳನ್ನು ಮುಂದೆ ತಂದರು. ಈಗ ಕನ್ನಡವನ್ನೇ ನಂಬಿ ಲಾಭ ಮಾಡುತ್ತಿರುವ ಸ್ಟೇಷನ್ನುಗಳಿಗೆ ನಮ್ಮ ಕೇಳುವ ಶಕ್ತಿ ಏನೆಂದು ಚೆನ್ನಾಗಿ ಗೊತ್ತು.

ಗಂಟೆಗೆ ಹತ್ತೇ ಹಾಡು ಎಂದರೂ ಒಂದು ಸ್ಟೇಷನ್ ವರ್ಷಕ್ಕೆ 3,650 ಸಲ ನಮ್ಮೂರಿನ ಹಾಡು ಹಾಕಬಹುದು. ಇದರ ಜೊತೆಗೆ ಪ್ರತಿ ಆರ್‌ಜೆಗೂ ತನ್ನ ಶೋನಲ್ಲಿ ಒಂದು ಹಾಡನ್ನು ತಾನೇ ಆರಿಸುವ ಸ್ವಾತಂತ್ರ್ಯ ಕೊಡಿ ಎಂದೂ ಕೇಳುತ್ತಿದ್ದೇವೆ. ಹಾಡಿನ ಹುಚ್ಚಿನಿಂದಲೇ ಈ ಕೆಲಸಕ್ಕೆ ಬಂದವರು ಅವರು.

ಇನ್ನು ನಾವು ಮಾಡಬೇಕಾದ ಕೆಲಸ.

ಕೇಳುಗರು ಸ್ಟೇಷನ್ನಿಗೆ ಫೋನ್ ಮಾಡಿ, ವಾಟ್ಸಾಪ್ ಕಳಿಸಿ. ಬರೀ ‘ಬೋರಾಗಿದೆ’ ಎಂದು ದೂರಬೇಡಿ. ಬೆಂಗಳೂರಿನ ಒಬ್ಬ ಹಾಡುಗಾರರ, ಒಂದು ಬ್ಯಾಂಡಿನ ಹೆಸರು ಹೇಳಿ, ಹಾಡಿನ ಹೆಸರು ಹೇಳಿ, ಅದನ್ನು ಹಾಕಿ ಎಂದು ಕೇಳಿ. ವಾರಕ್ಕೊಮ್ಮೆಯಾದರೂ ಕೇಳಿ. ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ವರೂ ಕೇಳಿ. ಹಾಕಿದ ದಿನ ಮತ್ತೆ ಫೋನ್ ಮಾಡಿ, ಚೆನ್ನಾಗಿತ್ತು ಎನ್ನಿ. ಕೇಳುಗರ ಸಮೀಕ್ಷೆಯವರು ಯಾವ ಸ್ಟೇಷನ್ ಕೇಳುತ್ತೀರಿ ಎಂದು ಡೈರಿ ಹಿಡಿದು ಬಂದರೆ ನೆನಪಿಗೆ ಬಂದ ಹೆಸರು ಬರೆದು ಕಳಿಸಬೇಡಿ, ನಿಜವಾಗಿ ಕೇಳಿದ್ದನ್ನೇ ಬರೆಯಿರಿ. ಜಾಹೀರಾತಿನ ದರ ಅದರ ಮೇಲೆ ನಿಂತಿದೆ.

ಸರ್ಕಾರಿ ರೇಡಿಯೋವನ್ನು ಬಿಡಬೇಡಿ. ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ಅಮೃತವರ್ಷಿಣಿಯಂಥ ವಾಹಿನಿ ಹುಟ್ಟಿದ ಊರು ಇದು. ಆಕಾಶವಾಣಿ, ರಾಜಭವನ ರಸ್ತೆ, ಬೆಂಗಳೂರು 560001, ಈ ವಿಳಾಸಕ್ಕೆ ಐವತ್ತು ಪೈಸೆಯ ಕಾರ್ಡಿನಲ್ಲಿ ಎರಡು ಸಾಲು ಬರೆದರೂ ಸಾಕು. ಹೊಸ ಭಾವಗೀತೆ, ಹೊಸ ಜನಪದ ಗಾಯಕರು, ಹೊಸ ಬ್ಯಾಂಡು, ಮೂರಕ್ಕೂ ಸಮಯ ಕೇಳಿ.

ಹಾಡುಗಾರರೇ, ನಿಮ್ಮ ಹಾಡಿನ ಜೊತೆ ಬರೆದವರು, ರಾಗ ಹಾಕಿದವರು, ನುಡಿಸಿದವರ ಹೆಸರು, ಪ್ರಸಾರಕ್ಕೆ ಒಪ್ಪಿಗೆ ಕೊಟ್ಟ ಪತ್ರ, ಒಳ್ಳೆಯ ಗುಣಮಟ್ಟದ ಫೈಲು ಸಿದ್ಧವಿಟ್ಟುಕೊಳ್ಳಿ. ಹಕ್ಕು ಯಾರದೋ ಎಂಬ ಭಯದಿಂದಲೇ ಎಷ್ಟೋ ಹಾಡು ಸ್ಟೇಷನ್ನಿನ ಬಾಗಿಲಲ್ಲೇ ನಿಲ್ಲುತ್ತವೆ. 2012ರ ಕಾಪಿರೈಟ್ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯಲ್ಲಿ ಪಾಲಿದೆ. ಆ ರಾಯಲ್ಟಿ ವಸೂಲು ಮಾಡಿ ಹಂಚುವ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ, ನಿಮ್ಮ ಹಾಡುಗಳನ್ನು ನೋಂದಾಯಿಸಿ. ಸಮುದಾಯ ರೇಡಿಯೋಗಳ ಬಾಗಿಲನ್ನೂ ತಟ್ಟಿ. ಸರ್ಕಾರದ ನಿಯಮದಂತೆ ಅವು ತಮ್ಮ ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧವನ್ನು ಸ್ಥಳೀಯ ಜನರ ಜೊತೆ ಸೇರಿ ಮಾಡಬೇಕು. 2007ರಿಂದ ಬೆಂಗಳೂರಿನಲ್ಲಿ 90.4ರಲ್ಲಿ ಅಂಥ ದನಿ ಕೇಳಿಬಂದಿದೆ.

ಚಿಕ್ಕಪೇಟೆಯ ಸೀರೆ ಅಂಗಡಿಯವರೇ, ಮಲ್ಲೇಶ್ವರದ ಸ್ವೀಟ್ಸ್ ಅಂಗಡಿಯವರೇ, ಬಡಾವಣೆಯ ಜ್ಯುವೆಲರ್ಸ್ ಮಾಲೀಕರೇ, ನಿಮ್ಮ ಜಾಹೀರಾತಿನ ದುಡ್ಡಿನಿಂದ ಈ ಸ್ಟೇಷನ್ನುಗಳು ನಡೆಯುತ್ತಿವೆ. ನಮ್ಮೂರ ಹಾಡಿನ ಗಂಟೆ ಮಾಡಿ, ನಮ್ಮ ಜಾಹೀರಾತು ಆ ಗಂಟೆಗೆ ಕೊಡುತ್ತೇವೆ ಎಂದು ನೀವೊಂದು ಮಾತು ಹೇಳಿ. ನಾವು ನೂರು ಜನ ಫೋನ್ ಮಾಡಿದ್ದಕ್ಕಿಂತ ಅದು ಬೇಗ ಕಿವಿಗೆ ಬೀಳುತ್ತದೆ.

ಫೋನಿನಲ್ಲಿ ಏನು ಹೇಳಬೇಕೆಂದು ತೋಚದವರು ಹೀಗೆ ಹೇಳಿ: “ನಮಸ್ಕಾರ, ನಾನು ಬೆಂಗಳೂರಿನ ಕೇಳುಗ. ನಿಮ್ಮ ಸ್ಟೇಷನ್ ದಿನಾ ಕೇಳ್ತೀನಿ. ಸಂಜೆ ಏಳರಿಂದ ಎಂಟು, ನಮ್ಮೂರಿನವರ ಹಾಡು ಹಾಕಿ. ಬರೆದವರ ಹೆಸರು, ಹಾಡಿದವರ ಹೆಸರು ಹೇಳಿ. ಮುಂದಿನ ವಾರ ಮತ್ತೆ ಫೋನ್ ಮಾಡ್ತೀನಿ.”

ಈ ಹಾಳೆಯನ್ನು ಗೋಡೆಗೆ, ಮರಕ್ಕೆ, ಬಸ್ ಸ್ಟಾಪಿಗೆ ಅಂಟಿಸಬೇಡಿ. ಓದಿದ ಮೇಲೆ ರೇಡಿಯೋ ಕೇಳುವ ಇನ್ನೊಬ್ಬರ ಕೈಗೆ ಕೊಡಿ.

— ಬೆಂಗಳೂರಿನ ಕೆಲವು ಕೇಳುಗರು, ಕೆಲವು ಹಾಡುಗಾರರು